ಬೆನ್ನ ಮೇಲೆ ಇನ್ನೊಂದು ಐಸಿ: ರೀಜನ್ ಬೀಗ ತೆಗೆದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ರಿಪೇರಿ ಅಂಗಡಿ ಇಟ್ಟವರಿಗೆಲ್ಲ ಈ ಗಿರಾಕಿ ಪರಿಚಿತ. ಮೂಡಿಗೆರೆ ಕಡೆಯ ಕಾಫಿ ತೋಟ, ಮಗ ಅಮೆರಿಕದಲ್ಲಿ, ಬಂದಾಗಲೆಲ್ಲ ಒಂದು ಚೀಲ ಡಿವಿಡಿ. ಯಾವ ಡಿಸ್ಕ್ ಯಾವ ದೇಶದಲ್ಲಿ ಓಡಬೇಕೆಂದು ಕಂಪನಿಗಳು ಹಾಕಿದ ಪ್ರದೇಶದ ಸಂಖ್ಯೆಯೇ ರೀಜನ್: ಆ ಡಿಸ್ಕ್ ರೀಜನ್ 1, ನಮ್ಮ ಪ್ಲೇಯರ್ ರೀಜನ್ 5. ಪರದೆಯ ಮೇಲೆ ಬರುವುದು ಎಚ್ಚರಿಕೆಯ ಸಾಲು ಮಾತ್ರ.

ಅಲ್ಲಿಂದಲೇ ಪ್ಲೇಯರ್ ತರಿಸಿದರೆ ಮುಗಿಯಿತು ಎಂದುಕೊಂಡವರೂ ಇದ್ದಾರೆ. ಅಂಥದ್ದೊಂದನ್ನು ತೋಟದ ಮನೆಯಲ್ಲಿ ನೇರವಾಗಿ 230 ವೋಲ್ಟ್‌ಗೆ ಸಿಕ್ಕಿಸಿ, ಹೊಗೆ ಬಂದ ಮೇಲೆ ನನ್ನಲ್ಲಿಗೆ ತಂದರು. ಫಿಲ್ಟರ್ ಕೆಪ್ಯಾಸಿಟರ್ ಹೊಟ್ಟೆ ಒಡೆದುಕೊಂಡಿತ್ತು. ಸರಿಪಡಿಸಿ, ಸಾವಿರ ರೂಪಾಯಿಯ ಆಸುಪಾಸಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಡಿಸಿದ ಮೇಲೂ ಅದು ನಮ್ಮ ಪಾಲ್ (ಇಲ್ಲಿನ ಟಿವಿ ಚಿತ್ರದ ಪದ್ಧತಿ) ಡಿಸ್ಕ್‌ಗಳನ್ನು ಮುಟ್ಟಲಿಲ್ಲ. ನಮ್ಮಲ್ಲಿ ಮಾರುವ ಪ್ಲೇಯರ್‌ಗೆ ಪಾಲ್, ಅಮೆರಿಕದ ಎನ್‌ಟಿಎಸ್‌ಸಿ ಎರಡೂ ಒಗ್ಗುತ್ತವೆ; ಆದ್ದರಿಂದ ಬೀಗ ತೆಗೆಯಬೇಕಾದದ್ದು ನಮ್ಮದರದ್ದೇ.

ರಿಮೋಟ್‌ನ ಗುಪ್ತ ಸಂಖ್ಯೆಗಳನ್ನೆಲ್ಲ ಒತ್ತಿ ನೋಡಿದೆ. ಕೆಲವು ಮಾದರಿಗಳಲ್ಲಿ ಮೆನು ತೆರೆದು ರೀಜನ್ 0, ಅಂದರೆ ಎಲ್ಲ ರೀಜನ್‌ಗೂ ಮುಕ್ತ, ಆಯಿತು. ಆದರೆ ಆರ್‌ಸಿಇ ಎಂಬ ಹೆಚ್ಚುವರಿ ರೀಜನ್ ತಪಾಸಣೆ ಇರುವ ಡಿಸ್ಕ್‌ಗಳು 0 ಕಂಡರೆ ಓಡುವುದಿಲ್ಲ; ಅವಕ್ಕೆ 1 ಎಂದೇ ಇರಬೇಕು. ಕಂಪ್ಯೂಟರ್ ಡ್ರೈವ್‌ನಲ್ಲಂತೂ ಐದು ಸಲ ಬದಲಿಸಿದರೆ ಅಲ್ಲಿಗೇ ಬೀಗ. "ಬೆಂಗಳೂರಿನಲ್ಲೇ ಆಗುವುದಿಲ್ಲ ಎಂದರಲ್ಲ ಮಾರಾಯರೇ, ಇಲ್ಲಿ ಕೂತು ನೀವೇನು ಮಾಡುತ್ತೀರಿ?" ಎಂದರು ಆ ತೋಟದ ಗಿರಾಕಿ ಗೌಡರು. ಆ ಮಾತು ಚುಚ್ಚಿತು.

ಪುಣ್ಯಕ್ಕೆ ಅಮೆರಿಕದ ಆ ಪೆಟ್ಟಿಗೆಯೂ ನಮ್ಮದೂ ಒಂದೇ ಬೋರ್ಡಿನ ಸಂತತಿ. ಎರಡರಲ್ಲೂ ಸೆಟ್ಟಿಂಗ್ ನೆನಪಿಡುವ 24ಸಿ02 ಐಸಿಗಳನ್ನು (ಪುಟ್ಟ ಚಿಪ್) ಕಿತ್ತು, ಮುನ್ನೂರು ಚಿಲ್ಲರೆಯ ಪ್ರೋಗ್ರಾಮರ್ ಎಂಬ ಉಪಕರಣದಲ್ಲಿ ಓದಿ, 256 ಬೈಟ್‌ಗಳನ್ನು ಪಕ್ಕಪಕ್ಕ ಇಟ್ಟೆ. ವ್ಯತ್ಯಾಸ ಕೆಲವೇ ಕಡೆ. ಧ್ವನಿ, ಭಾಷೆಯ ಸೆಟ್ಟಿಂಗ್ ಕಳೆದರೆ ಉಳಿದದ್ದು ಎರಡು: ಒಂದು ರೀಜನ್, ಇನ್ನೊಂದು ಲೆಕ್ಕ ತಾಳೆ ನೋಡುವ ಬೈಟ್. ಎರಡನೆಯದನ್ನು ಸರಿಹೊಂದಿಸದೆ ಬಿಟ್ಟರೆ ಪ್ಲೇಯರ್ ಎಲ್ಲವನ್ನೂ ಅಳಿಸಿ ಮತ್ತೆ 5ಕ್ಕೆ ಮರಳುತ್ತದೆ. ಅವು ಯಾವ ಸ್ಥಾನದಲ್ಲಿವೆ ಎಂಬುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಇನ್ನು ನಾನು ಹೆಮ್ಮೆಪಡುವ ಭಾಗ. ಹಳೆಯ ಐಸಿಯ ಬೆನ್ನ ಮೇಲೆ ರೀಜನ್ 1 ಬರೆದ ಇನ್ನೊಂದನ್ನು ಕೂರಿಸಿ, ಐಸಿಯ ವಿಳಾಸ ಹೇಳುವ ಮೊದಲನೇ ಪಿನ್ ಬಿಟ್ಟು ಉಳಿದ ಏಳನ್ನೂ ಬೆಸೆದೆ. ಎರಡರ ಮೊದಲ ಪಿನ್‌ಗಳನ್ನೂ ಎತ್ತಿ, ಹಿಂಬದಿಯ ಆರು ಕಾಲಿನ ಸ್ವಿಚ್‌ಗೆ ಒಯ್ದೆ. ಒಂದು ಗ್ರೌಂಡ್‌ಗೆ ಹೋದಾಗ ಇನ್ನೊಂದು 10ಕೆ ರೆಸಿಸ್ಟರ್ ಮೂಲಕ ಸಪ್ಲೈಗೆ. ಗ್ರೌಂಡ್ ಆದದ್ದನ್ನು ಮಾತ್ರ ಪ್ಲೇಯರ್ ಓದುತ್ತದೆ. ಸ್ವಿಚ್ ಬದಲಿಸುವುದು ಕರೆಂಟ್ ತೆಗೆದ ಮೇಲೆಯೇ.

ಇದೇ ಜಾತಿಯ ದೊಡ್ಡ ಐಸಿಯಾದ 24ಸಿ16ರಲ್ಲಿ ಇದೇ ಕೆಲಸ ಕೈಕೊಟ್ಟಿತು. ಅದರ ಆ ಪಿನ್‌ಗೆ ಒಳಗೆ ಸಂಪರ್ಕವೇ ಇಲ್ಲ. ಎರಡೂ ಒಟ್ಟಿಗೆ ಉತ್ತರ ಕೊಟ್ಟು ಪ್ಲೇಯರ್ ಕಣ್ಣು ಬಿಡಲಿಲ್ಲ. ಅದಕ್ಕೂ ದಾರಿ ಕಂಡುಕೊಂಡಿದ್ದೇನೆ, ಅದು ಅಂಗಡಿಗೆ ಬಂದವರಿಗೆ.  

ಐಸಿ, ಸ್ವಿಚ್ ಸೇರಿ ಐವತ್ತರೊಳಗೆ ಖರ್ಚು. ನಾನು ತೆಗೆದುಕೊಳ್ಳುವುದು ಆರುನೂರು. ಗೌಡರು ಚೌಕಾಸಿ ಮಾಡಲಿಲ್ಲ.

ಬ್ಲೂ-ರೇ ತಂದವರಿಗೆ ಮಾತ್ರ ಇದನ್ನು ಮಾಡಿಕೊಡುವುದಿಲ್ಲ. ಅಲ್ಲಿ ಅಮೆರಿಕ ಎ, ನಾವು ಸಿ, ಕಥೆಯೇ ಬೇರೆ. ಎಷ್ಟೋ ಡಿಸ್ಕ್‌ಗಳಿಗೆ ಬೀಗವೇ ಇರುವುದಿಲ್ಲ, 4ಕೆ ಡಿಸ್ಕ್‌ಗೆ ರೀಜನ್ ಎಂಬುದೇ ಇಲ್ಲ. ಮೊದಲು ಹಾಕಿ ನೋಡಿ, ಓಡದಿದ್ದರೆ ಮಾತ್ರ ಸ್ಕ್ರೂಡ್ರೈವರ್ ಹುಡುಕಿ ಎನ್ನುತ್ತೇನೆ.