ಅಮೆರಿಕದ ನರ್ಸಿಂಗ್ ಹೋಮ್‌ಗಳಿಗೆ ಕೌದಿ ಹೊಲಿದು ಕೊಡುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಸಣ್ಣ ಶಸ್ತ್ರಚಿಕಿತ್ಸೆಗೋ ಸೇರಿ ಕೆಲವೇ ದಿನಗಳಲ್ಲಿ ಮನೆಗೆ ಮರಳುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರು ಬೇರೊಂದಕ್ಕಿದೆ: ಹಗಲಿರುಳು ದಾದಿಯರ ಆರೈಕೆ ಬೇಕಾದ ವೃದ್ಧರು ತಿಂಗಳುಗಟ್ಟಲೆ, ಎಷ್ಟೋ ಸಲ ಕೊನೆಯವರೆಗೂ, ವಾಸಿಸುವ ಮನೆ ಅದು. ಹದಿನಾರು ವರ್ಷ ಓಹಾಯೋದಲ್ಲಿದ್ದು ಈಗ ಧಾರವಾಡಕ್ಕೆ ಮರಳಿರುವ ನನ್ನನ್ನು, ಮಕ್ಕಳ ಮನೆಗೆಂದು ಅಲ್ಲಿಗೆ ಹೊರಟಿರುವ ಗದಗ, ಹಾವೇರಿ ಕಡೆಯ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಕೌದಿ ಹೊಲಿಯಲು ಬರುತ್ತದೆ, ಅಲ್ಲಿ ಯಾರಿಗಾದರೂ ಹೊಲಿದು ಕೊಡಬಹುದೇ? ಖಂಡಿತ ಕೊಡಬಹುದು. ಅವರು ಲ್ಯಾಪ್ ಕ್ವಿಲ್ಟ್ ಎನ್ನುವುದು ಗಾಲಿಕುರ್ಚಿಯಲ್ಲಿ ಕುಳಿತವರ ತೊಡೆಯ ಮೇಲೆ ಹೊದಿಸುವ ಸಣ್ಣ ಕೌದಿಯನ್ನೇ.

ಕೊಡುವ ಮುಂಚೆ ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದಿರಬೇಕು. ವೃದ್ಧರಿಗಾಗಿ ಇರುವ ಸರಕಾರದ ಆರೋಗ್ಯ ವಿಮೆಯಾದ ಮೆಡಿಕೇರ್, ಆಸ್ಪತ್ರೆಯಿಂದ ಬಂದವರ ಚೇತರಿಕೆಗೆ ಒಂದು ಅವಧಿಯಲ್ಲಿ ಹೆಚ್ಚೆಂದರೆ 100 ದಿನಗಳ ಆರೈಕೆಗೆ ನೆರವಾಗುತ್ತದೆ. ಕಾಯಂ ವಾಸದ ಖರ್ಚನ್ನು ಅದು ಕೊಡುವುದಿಲ್ಲ. ಸ್ವಂತ ಉಳಿತಾಯ ಕರಗಿದ ಮೇಲೆ ಬಡವರ ಯೋಜನೆಯಾದ ಮೆಡಿಕೇಡ್ ಆ ಖರ್ಚನ್ನು ಹೊರುತ್ತದೆ. ಆಗ ನಿವಾಸಿಯ ಪಿಂಚಣಿಯ ಬಹುಪಾಲು ಆರೈಕೆಯ ವೆಚ್ಚಕ್ಕೇ ಸಲ್ಲುತ್ತದೆ, ಅವರ ಕೈಯಲ್ಲಿ ಸ್ವಂತಕ್ಕೆಂದು ಉಳಿಯುವುದು ಸಣ್ಣ ಮೊತ್ತ. ಕೇಂದ್ರ ಕಾನೂನು ನಿಗದಿ ಮಾಡಿರುವ ಕನಿಷ್ಠ ಮೊತ್ತ ತಿಂಗಳಿಗೆ 30 ಡಾಲರ್. ಬಹುತೇಕ ರಾಜ್ಯಗಳು ಹೆಚ್ಚು ಕೊಡುತ್ತವೆ. ಕ್ಷೌರ, ಫೋನು, ಬಟ್ಟೆ ಎಲ್ಲವೂ ಅದರಲ್ಲೇ ಆಗಬೇಕಾದವರಿಗೆ ತನ್ನದೇ ಎನ್ನುವ ಒಂದು ಬೆಚ್ಚನೆಯ ಹೊದಿಕೆ ದೊಡ್ಡ ವಸ್ತು.

1987ರ ಸುಧಾರಣಾ ಕಾನೂನಿನ ನಂತರ, ಮೆಡಿಕೇರ್ ಅಥವಾ ಮೆಡಿಕೇಡ್ ಹಣ ಪಡೆಯುವ ನರ್ಸಿಂಗ್ ಹೋಮ್‌ಗಳಲ್ಲಿ ನಿವಾಸಿಗಳಿಗೆ, ಜಾಗ ಇರುವಷ್ಟರ ಮಟ್ಟಿಗೆ, ಸ್ವಂತ ವಸ್ತುಗಳನ್ನು ಇಟ್ಟುಕೊಳ್ಳುವ ಹಕ್ಕಿದೆ. ಅವರ ಆಸಕ್ತಿಗೆ ಹೊಂದುವ ಚಟುವಟಿಕೆಗಳನ್ನು ನಡೆಸುವ ಹೊಣೆಯೂ ಸಂಸ್ಥೆಯ ಮೇಲಿದೆ; ಅದನ್ನು ನೋಡಿಕೊಳ್ಳುವವರನ್ನು ಆಕ್ಟಿವಿಟಿ ಡೈರೆಕ್ಟರ್ ಎನ್ನುತ್ತಾರೆ. ನೀವು ಮೊದಲು ಫೋನ್ ಮಾಡಬೇಕಾದದ್ದು ಇವರಿಗೆ, ಅದೂ ಸೂಜಿಗೆ ದಾರ ಪೋಣಿಸುವುದಕ್ಕೂ ಮುಂಚೆ. ಎಷ್ಟು ಬೇಕು, ಯಾವ ಅಳತೆ, ಯಾವ ಬಟ್ಟೆ, ಹೊದಿಕೆ ಒಬ್ಬರಿಗೇ ಸೇರುತ್ತದೆಯೋ ಎಲ್ಲರ ಬಳಕೆಗೆ ಹೋಗುತ್ತದೆಯೋ, ಬೆಂಕಿ ಸುರಕ್ಷತೆಯ ನಿಯಮವೇನಾದರೂ ಇದೆಯೋ ಎಂದು ಕೇಳಿಕೊಳ್ಳಿ. ನೇರವಾಗಿ ಮಾತಾಡಲು ಹಿಂಜರಿಕೆ ಇದ್ದರೆ ಹತ್ತಿರದ ಕ್ವಿಲ್ಟ್ ಗಿಲ್ಡ್ ಸೇರಬಹುದು. ಇವು ಹೊಲಿಯುವವರ ಸ್ಥಳೀಯ ಸಂಘಗಳು, ಅನೇಕ ಕಡೆ ದಾನಕ್ಕಾಗಿಯೇ ಕೂಡಿ ಹೊಲಿಯುತ್ತವೆ.

ಈಗ ಬಟ್ಟೆಯ ವಿಷಯ. ಇಲ್ಲಿಯೇ ನಾವು ತಪ್ಪುತ್ತೇವೆ. ನನ್ನ ಅವ್ವ ಅಲ್ಲಿ ಹೊಲಿದ ಮೊದಲ ಕೌದಿಗೆ ಊರಿನಿಂದ ತಂದ ತನ್ನ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿದ್ದಳು. ನಮ್ಮಲ್ಲಿ ಕೌದಿ ಎಂದರೆ ಉಟ್ಟು ಹಳತಾಗಿ ಮೆತ್ತಗಾದ ಬಟ್ಟೆಯೇ ಅಲ್ಲವೇ. ಒಂದೇ ಒಗೆತಕ್ಕೆ ಸೆರಗಿನ ಕೆಂಪು ಬಿಳಿಯ ತೇಪೆಗಳಿಗೆಲ್ಲ ಹರಡಿತು, ಸವೆದಿದ್ದ ಎಳೆಗಳು ಹೊಲಿಗೆಯ ಪಕ್ಕದಲ್ಲೇ ಹರಿದವು. ಸಂಸ್ಥೆಯವರು ಅದನ್ನು ಮಡಿಸಿ ವಿನಯದಿಂದ ಹಿಂದಿರುಗಿಸಿದರು. ತಪ್ಪು ಅವರದಲ್ಲ. ಅಲ್ಲಿ ಸೋಂಕು ಹರಡದಂತೆ ಬಟ್ಟೆಗಳನ್ನು ದೊಡ್ಡ ಯಂತ್ರಗಳಲ್ಲಿ ಒಗೆಯುತ್ತಾರೆ. ಬಿಸಿನೀರಿನಲ್ಲಿ ಒಗೆಯುವುದಾದರೆ ಕನಿಷ್ಠ 71 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25 ನಿಮಿಷ ಎಂಬುದು ಆ ದೇಶದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಹಳೆಯ ಸೀರೆ ಅದನ್ನು ತಾಳುವುದಿಲ್ಲ. ಆದ್ದರಿಂದ ಹೊಸ, ಗಟ್ಟಿ ನೇಯ್ಗೆಯ ನೂರಕ್ಕೆ ನೂರು ಹತ್ತಿಯ ಬಟ್ಟೆಯನ್ನೇ ಕೊಳ್ಳಿ, ಕತ್ತರಿಸುವ ಮುಂಚೆ ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಬೆಟಗೇರಿಯ ಕೈಮಗ್ಗದ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಒಯ್ಯುವ ಆಸೆ ಇದ್ದರೆ ಒಯ್ಯಿರಿ. ಆದರೆ ನೀರು ತಿಳಿಯಾಗಿ ಬರುವವರೆಗೆ ಒಗೆದ ಮೇಲೆಯೇ ಕತ್ತರಿ ಹಾಕಿರಿ.

ಗಾಲಿಕುರ್ಚಿಗೆ 36 ಇಂಚು ಅಗಲ, 42 ಇಂಚು ಉದ್ದ ಸರಿಯಾಗುತ್ತದೆ. ಇನ್ನೂ ಅಗಲವಾದರೆ ಅಂಚು ಜೋತು ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಆರೂವರೆ ಇಂಚಿನ ಚೌಕಗಳನ್ನು ಕತ್ತರಿಸಿ, ಕಾಲು ಇಂಚು ಅಂಚು ಬಿಟ್ಟು, ಅಡ್ಡಕ್ಕೆ 6 ಉದ್ದಕ್ಕೆ 7ರಂತೆ 42 ಚೌಕ ಜೋಡಿಸಿದರೆ ಈ ಅಳತೆ ಬರುತ್ತದೆ. ಅಲ್ಲಿ ಬಟ್ಟೆಯನ್ನು ಮೀಟರಿನಲ್ಲಲ್ಲ, ಗಜದಲ್ಲಿ ಮಾರುತ್ತಾರೆ. ಮೇಲ್ಭಾಗಕ್ಕೆ ಒಂದೂವರೆ ಗಜ, ಅಸ್ತರಿಗೆ ಒಂದೂವರೆ, ಅಂಚಿನ ಪಟ್ಟಿಗೆ ಅರ್ಧ, ಒಟ್ಟು ಮೂರೂವರೆ ಗಜ ಸಾಕು. ಒಳಗೆ ತೆಳುವಾದ ಪಾಲಿಯೆಸ್ಟರ್ ಬ್ಯಾಟಿಂಗ್, ಅಂದರೆ ಎರಡು ಬಟ್ಟೆಗಳ ನಡುವೆ ಇಡುವ ಮೆತ್ತನೆಯ ಪದರ, ಹಾಕಿ. ಅದು ಬೇಗ ಒಣಗುತ್ತದೆ, ಹಗುರವಾಗಿಯೂ ಇರುತ್ತದೆ.

ಹೊಲಿಗೆಯಲ್ಲಿ ಮಾತ್ರ ನಮ್ಮ ಪದ್ಧತಿಯನ್ನು ಬಿಡಬೇಡಿ. ಅಂಚಿನಿಂದ ಆರಂಭಿಸಿ ಒಳಕ್ಕೆ ಸುತ್ತುತ್ತ ಬೆರಳಗಲಕ್ಕೊಂದು ಸಾಲಿನಂತೆ ಟಾಕಾ ಹಾಕುತ್ತ ಹೋಗುವ ಕೌದಿಯ ಹೊಲಿಗೆ, ಮೂರು ಪದರಗಳನ್ನೂ ಒಂದೇ ಮೈಯಾಗಿ ಹಿಡಿಯುತ್ತದೆ. ಎಷ್ಟು ಒಗೆದರೂ ಒಳಗಿನ ಬ್ಯಾಟಿಂಗ್ ಗಂಟುಕಟ್ಟುವುದಿಲ್ಲ. ಅವ್ವನ ಎರಡನೆಯ ಕೌದಿ ಹೀಗೆ ಉಳಿಯಿತು. ಕೈ ನಡುಗುತ್ತಿದ್ದ ಒಬ್ಬ ಅಜ್ಜಿ ಆ ಸಾಲುಗಳ ಮೇಲೆ ಬೆರಳು ಎಳೆಯುತ್ತ, ಮೂಲೆ ಬಂದಾಗ ನಿಂತು, ಮತ್ತೆ ಅದೇ ಸಾಲಿನಲ್ಲಿ ಹಿಂದಕ್ಕೆ ಬರುತ್ತಿದ್ದುದನ್ನು ನಾನು ಬಹಳ ಹೊತ್ತು ನೋಡಿದ್ದೇನೆ.

ಗುಂಡಿ, ಕನ್ನಡಿ, ಮಣಿ, ಜರಿ ಯಾವುದೂ ಬೇಡ. ಮರೆವಿನ ಕಾಯಿಲೆ ಇರುವವರು ಕಿತ್ತು ಬಾಯಿಗೆ ಹಾಕಿಕೊಳ್ಳಬಹುದು, ಮುಪ್ಪಿನ ತೆಳು ಚರ್ಮಕ್ಕೆ ಜರಿ ಗೀರುತ್ತದೆ. ಬಳಸಿದ ಟಾಚಣಿಗಳನ್ನು ಎಣಿಸಿ ತೆಗೆಯಿರಿ. ನಮ್ಮ ಮನೆಗಳಲ್ಲಿ ಒಗ್ಗರಣೆಯ ಘಾಟು, ಊದುಬತ್ತಿಯ ವಾಸನೆ ಹತ್ತಿ ಬಟ್ಟೆಗೆ ಬೇಗ ಹಿಡಿಯುತ್ತವೆ, ಉಸಿರಾಟದ ತೊಂದರೆ ಇರುವವರಿಗೆ ಅದು ಕಷ್ಟ. ಹೊಲಿಯುವಾಗಲೂ ಮುಚ್ಚಿದ ಡಬ್ಬದಲ್ಲಿಡಿ, ಮುಗಿದ ಮೇಲೆ ಪರಿಮಳವಿಲ್ಲದ ಸಾಬೂನಿನಲ್ಲಿ ಒಗೆದು ಪಾರದರ್ಶಕ ಚೀಲದಲ್ಲಿ ಕೊಡಿ. ಒಂದು ಮೂಲೆಯಲ್ಲಿ ನಿವಾಸಿಯ ಹೆಸರು ಬರೆಯಲು ಬಿಳಿಯ ಪಟ್ಟಿ ಹೊಲಿದಿರಲಿ. ಹೆಸರಿಲ್ಲದ ಹೊದಿಕೆ ಒಗೆಯಲು ಹೋದರೆ ಮರಳಿ ಅದೇ ಕೋಣೆಗೆ ಬರುವುದು ಅಪರೂಪ.

ತೆರಿಗೆಯ ಮಾತು ಚಿಕ್ಕದು. ಅಲ್ಲಿನ ಬಹುಪಾಲು ನರ್ಸಿಂಗ್ ಹೋಮ್‌ಗಳು ಲಾಭಕ್ಕಾಗಿ ನಡೆಯುವ ಕಂಪನಿಗಳು, ಅವುಗಳಿಗೆ ಕೊಟ್ಟದ್ದಕ್ಕೆ ವಿನಾಯಿತಿ ಇಲ್ಲ. ಅಲ್ಲಿನ ತೆರಿಗೆ ಕಾನೂನಿನ 501(ಸಿ)(3) ಕಲಮಿನಡಿ ಮಾನ್ಯತೆ ಇರುವ ಲಾಭರಹಿತ ಸಂಸ್ಥೆಗೆ ಕೊಟ್ಟರೂ ಬಟ್ಟೆ, ದಾರದ ಖರ್ಚನ್ನಷ್ಟೇ ತೋರಿಸಬಹುದು, ಹೊಲಿದ ಶ್ರಮಕ್ಕೆ ಬೆಲೆ ಕಟ್ಟುವಂತಿಲ್ಲ.

ಕೊಡುವ ದಿನ ಫೋಟೋ ತೆಗೆಯುವ ಆಸೆ ಸಹಜ. ನಿವಾಸಿಗಳ ಖಾಸಗಿತನವನ್ನು ಕಾನೂನು ಕಾಯುತ್ತದೆ, ಅನುಮತಿ ಇಲ್ಲದೆ ಅವರ ಫೋಟೋ ತೆಗೆಯಬಾರದು, ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೂ ಕಳಿಸಬಾರದು. ಕೊಡುವ ಮುಂಚೆ ಮನೆಯ ಹಾಸಿಗೆಯ ಮೇಲೆ ಹರವಿ ಕೌದಿಯ ಚಿತ್ರ ಮಾತ್ರ ತೆಗೆದುಕೊಳ್ಳಿ, ಊರಿಗೆ ಅದನ್ನೇ ಕಳಿಸಿ.