ಮೀನು ಮಾರುವವರ ನಷ್ಟಕ್ಕೆ ಲೆಕ್ಕ ಕಟ್ಟಿದ್ದು

2017ರ ಜನವರಿ 28ರ ನಸುಕಿನಲ್ಲಿ ಚೆನ್ನೈನ ಉತ್ತರಕ್ಕಿರುವ ಎಣ್ಣೂರಿನ ಬಂದರಿನ ಹೊರಗೆ ಬಿ.ಡಬ್ಲ್ಯು. ಮೇಪಲ್ ಎಂಬ ಅನಿಲದ ಟ್ಯಾಂಕರಿಗೂ ಡಾನ್ ಕಾಂಚೀಪುರಂ ಎಂಬ ತೈಲದ ಟ್ಯಾಂಕರಿಗೂ ಡಿಕ್ಕಿಯಾಯಿತು. ಸೋರಿದ ಇಂಧನ ತೈಲ ಹತ್ತಿರದ ಎರ್ಣಾವೂರಿನ ದಡದ ಕಲ್ಲುಗಳ ಸಂದಿಯಲ್ಲಿ ಬಂದು ಕೂತಿತು. ಹೀರುವ ಯಂತ್ರಗಳು ಆ ರಾಡಿಗೆ ಸೋತಾಗ ಜನ ಸಾಲಾಗಿ ನಿಂತು ಬಕೆಟ್‌ಗಳಲ್ಲಿ ಮೊಗೆದರು. ಆ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಚೆನ್ನೈಯಲ್ಲಿ ಲೆಕ್ಕಪತ್ರದ ವೃತ್ತಿಯಲ್ಲಿರುವ ನಾನು ಕೈಹಾಕಿದ್ದು ಅದರ ನಂತರದ ಕೆಲಸಕ್ಕೆ: ಮೀನು ಮಾರುವ ಹೆಂಗಸರ ನಷ್ಟವನ್ನು ಕಾಗದಕ್ಕಿಳಿಸುವುದು.

ಪರಿಹಾರ ಕೇಳುವುದಕ್ಕೆ, ಟ್ಯಾಂಕರಿನ ಸರಕು ತೈಲ ಸೋರಿದರೆ ಒಂದು ಅಂತರರಾಷ್ಟ್ರೀಯ ಒಪ್ಪಂದ, ಹಡಗಿನ ಸ್ವಂತ ಇಂಧನ ಸೋರಿದರೆ ಸಾಮಾನ್ಯವಾಗಿ ಇನ್ನೊಂದು. ಎರಡರಲ್ಲೂ ತಪ್ಪು ಯಾರದೆಂದು ಸಾಧಿಸಬೇಕಾಗಿಲ್ಲ, ವಿಮೆ ಕೊಟ್ಟವರನ್ನೇ ನೇರವಾಗಿ ಕೇಳಬಹುದು. ಆದರೆ ಹಾನಿಯಾದ ಮೂರು ವರ್ಷದೊಳಗೆ ದಾವೆ ಹೂಡಬೇಕು, ನಷ್ಟಕ್ಕೆ ಪುರಾವೆ ಕೊಡಬೇಕು. ದೋಣಿಗೆ ನೋಂದಣಿ ಇದೆ, ಬಲೆಗೆ ರಸೀದಿ ಸಿಗುತ್ತದೆ. ಹರಾಜಿನಲ್ಲಿ ಕೊಂಡು ಬುಟ್ಟಿ ಹೊತ್ತು ಬೀದಿ ಬೀದಿ ತಿರುಗುವವರ ಹತ್ತಿರ ಏನಿರುತ್ತದೆ? ಎಣ್ಣೆಯ ಭಯಕ್ಕೆ ಊರೇ ಮೀನು ಬಿಟ್ಟಾಗ ಮೊದಲು ಮುರಿದುಬಿದ್ದದ್ದು ಅವರ ವ್ಯಾಪಾರ.

ಒಬ್ಬ ಅಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಹಳದಿ ಕಾರ್ಡು ಕೊಟ್ಟರು. ಅಲ್ಲಿ ತಂಡಲ್ ಎನ್ನುವ ದಿನಗಂತಿನ ಸಾಲದ ಕಾರ್ಡು ಅದು. ಕಂತು ಕಟ್ಟಿದ ದಿನ ಸಾಲ ಕೊಟ್ಟವನು ಚೌಕದೊಳಗೆ ಸಹಿ ಹಾಕುತ್ತಾನೆ. ಜನವರಿಯ ಕೊನೆಯ ದಿನಗಳವರೆಗೆ ಒಂದು ಚೌಕವೂ ಖಾಲಿ ಇಲ್ಲ; ಅಲ್ಲಿಂದ ಮುಂದೆ ಸಾಲು ಸಾಲು ಖಾಲಿ. ದಿನದ ದುಡಿಮೆ ಇತ್ತು, ನಿಂತುಹೋಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೆ! ಅಂದಿನಿಂದ ಎಲ್ಲರನ್ನೂ ಮೊದಲು ಕೇಳುತ್ತಿದ್ದುದು ಆ ಕಾರ್ಡನ್ನೇ. ಅದರ ಜೊತೆಗೆ ಐಸ್ ಅಂಗಡಿಯ ಚೀಟಿ, ಹರಾಜು ಕೂಗುವವರ ಪುಸ್ತಕದ ಹಿಂದಿನ ವರ್ಷದ ಫೆಬ್ರವರಿಯ ಪುಟ, ನೆರೆಯ ಇಬ್ಬರ ಹೇಳಿಕೆ. ಒಂದು ಕಚೇರಿಯಲ್ಲಿ ಗುಮಾಸ್ತರು ಇವನ್ನು ಮುಟ್ಟಲೂ ಒಪ್ಪಲಿಲ್ಲ. ಪ್ರಮಾಣಪತ್ರ (ಅಫಿಡವಿಟ್) ಬರೆಸಿ, ಅದರ ಹಿಂದೆ ಲಗತ್ತಿಸಿ ಕೊಟ್ಟ ಮೇಲೆ ತೆಗೆದುಕೊಂಡರು.

ಕಡಲಾಮೆಗಳ ವಿಷಯದಲ್ಲಿ ನನಗೆ ದಾರಿಯೇ ಸಿಗಲಿಲ್ಲ. ಅದು ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುವ ಕಾಲ. ಆದರೆ ಪರಿಸರ ಹಾನಿಗೆ ಈ ಒಪ್ಪಂದಗಳು ಕೊಡುವುದು, ಕೈತಪ್ಪಿದ ಲಾಭವನ್ನು ಬಿಟ್ಟರೆ, ಮೊದಲಿನ ಸ್ಥಿತಿಗೆ ತರುವ ನ್ಯಾಯಯುತ ಖರ್ಚು ಮಾತ್ರ. ಸತ್ತ ಜೀವಕ್ಕೆಂದು ಬೆಲೆ ಇಲ್ಲ. ಇದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ತಡವಾದರೆ ಏನಾಗುತ್ತದೆ ಎಂಬುದನ್ನು ಅಲಾಸ್ಕಾದವರು ಕಂಡಿದ್ದಾರೆ. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಎಂಬ ಟ್ಯಾಂಕರಿನಿಂದಾದ ಸೋರಿಕೆಗೆ 1994ರಲ್ಲಿ ಜ್ಯೂರಿ 500 ಕೋಟಿ ಡಾಲರ್ ದಂಡನಾ ಪರಿಹಾರ ಹಾಕಿತು. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಸುಮಾರು 50 ಕೋಟಿಗೆ ಇಳಿಸಿತು. ಅಷ್ಟರಲ್ಲಿ ಎಷ್ಟೋ ಅರ್ಜಿದಾರರು ತೀರಿಕೊಂಡಿದ್ದರು.

ನವಮಂಗಳೂರು ಬಂದರಿಗೂ ಕಚ್ಚಾ ತೈಲದ ಹಡಗುಗಳು ಬರುತ್ತಿರುತ್ತವೆ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಮೀನು ಮಾರುವ ಅಕ್ಕಂದಿರು ಐಸ್ ಚೀಟಿ, ಸಂಘದ ಸಾಲದ ಪುಸ್ತಕ ಯಾವುದನ್ನೂ ಎಸೆಯಬೇಡಿ. ದಿನದ ಖರೀದಿಯನ್ನು ಮಕ್ಕಳಿಂದಾದರೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಸಿಡಿ.