ಕೆಮ್ಮುವವರಿಗೆ ಯಾವ ಮಾಸ್ಕ್, ಆರೈಕೆ ಮಾಡುವವರಿಗೆ ಯಾವುದು?

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯವೆಂದು ಗೊತ್ತಾದ ಕೂಡಲೇ ಔಷಧದ ಅಂಗಡಿಯಿಂದ ಮಾಸ್ಕ್ ಬರುತ್ತದೆ. ದುಬಾರಿ ಎನ್‌95 ರೋಗಿಗೆ, ತೆಳು ನೀಲಿ ಮಾಸ್ಕ್ ಪಕ್ಕದಲ್ಲಿ ಕೂರುವ ಹೆಂಡತಿಗೋ ಮಗನಿಗೋ. ಅಕ್ಕರೆಯಿಂದ ಮಾಡಿದರೂ ಇದು ತಿರುವುಮುರುವು.

ಮೊದಲು ಹಂಚಿಕೆ ಸರಿಪಡಿಸಿ. ರೋಗಿಗೆ ಮೂರು ಪದರದ ಸರ್ಜಿಕಲ್ ಮಾಸ್ಕ್ ಸಾಕು. ಬಾಯಿಂದ ಹೊರಡುವಾಗ ಹನಿಗಳು ದೊಡ್ಡವು, ಮಾಸ್ಕಿನಲ್ಲೇ ಸಿಕ್ಕಿಬೀಳುತ್ತವೆ. ಗಾಳಿಗೆ ಬಿದ್ದರೆ ನೀರಾರಿ, ಕೆಲವೇ ಮೈಕ್ರಾನ್‌ನ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಕ್ಷಯದ ವಾರ್ಡಿನ ಗಾಳಿಯನ್ನು ಗಿನಿಪಿಗ್‌ಗಳಿಗೆ ಹಾಯಿಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ರೋಗಿಗಳು ಮಾಸ್ಕ್ ಹಾಕದ ದಿನಗಳ ಗಾಳಿಯಿಂದ 90ರಲ್ಲಿ 69ಕ್ಕೆ ಸೋಂಕು ತಗುಲಿತು. ಹಾಕಿದ ದಿನಗಳ ಗಾಳಿಯಿಂದ 90ರಲ್ಲಿ 36ಕ್ಕೆ. ಆ ಉಳಿದ ಅಪಾಯಕ್ಕಾಗಿಯೇ ಆರೈಕೆ ಮಾಡುವವರಿಗೆ ಎನ್‌95 ಬೇಕು.

ಕೊಳ್ಳುವಾಗ ವಾಲ್ವ್ ಇರುವುದನ್ನು ಮುಟ್ಟಬೇಡಿ. ಅದು ಉಸಿರನ್ನು ಸೋಸದೆ ಹೊರಬಿಡುತ್ತದೆ. ರೋಗಿಯ ಮುಖದ ಮೇಲಿದ್ದರೆ ಕೆಮ್ಮು ನೇರ ಕೋಣೆಗೆ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಜುಲೈನಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಕಿವಿಗೆ ಸಿಕ್ಕಿಸುವ ಎನ್‌95ಗಳೂ ಬೇಡ. ತಲೆಯ ಹಿಂದೆ ಎಳೆದು ಕೂರಿಸುವ ಎರಡು ಪಟ್ಟಿಗಳದ್ದನ್ನೇ ತನ್ನಿ.

ಹೆಚ್ಚಿನವರು ಎಡವುವುದು ತೊಡುವಾಗ. ಮಾಸ್ಕನ್ನು ಅಂಗೈಯಲ್ಲಿ ಹಿಡಿದು ಮೊದಲು ಗದ್ದಕ್ಕೆ, ಆಮೇಲೆ ಮೂಗಿಗೆ ಕೂರಿಸಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಗಳ ಕೆಳಗೆ ಕತ್ತಿನ ಹಿಂದೆ. ಒಂದರ ಮೇಲೊಂದು ಅಡ್ಡ ಹಾಯಬಾರದು. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಏಳುತ್ತದೆ, ಗಾಳಿ ನುಸುಳಲು ಅಷ್ಟು ಸಾಕು. ಎರಡೂ ಕೈಗಳ ಬೆರಳುಗಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತ ಹೋಗಿ. ಈಗ ಅಂಗೈಗಳಿಂದ ಮಾಸ್ಕನ್ನು ಮುಚ್ಚಿ ಉಸಿರೆಳೆಯಿರಿ: ಅದು ಮುಖದತ್ತ ಕುಗ್ಗಬೇಕು. ಉಸಿರು ಬಿಡಿ: ಅಂಚಿನಲ್ಲಿ ಗಾಳಿ ತಾಗಬಾರದು. ಕಣ್ಣಿಗೆ ತಾಗಿದರೆ ಅಥವಾ ಕನ್ನಡಕ ಮಂಜಾದರೆ ಮೂಗಿನ ಪಟ್ಟಿ ಮತ್ತೆ ಒತ್ತಿ. ಕೆನ್ನೆಯ ಪಕ್ಕ ಸೋರಿದರೆ ತಲೆಯ ಪಟ್ಟಿಗಳನ್ನು ಹಿಂದಕ್ಕೆ ಸರಿಸಿ. ಪ್ರತಿ ಸಲ ತೊಟ್ಟಾಗಲೂ ಈ ಪರೀಕ್ಷೆ ಮಾಡಿ. ಗಡ್ಡದ ಮೇಲೆ ಅಂಚು ಕೂರುವುದೇ ಇಲ್ಲ. ಆರೈಕೆಯ ಹೊಣೆ ಹೊತ್ತ ಗಂಡಸರು ದಯವಿಟ್ಟು ಬೋಳಿಸಿ.

ರೋಗಿಯ ಮಾಸ್ಕ್ ಸುಲಭ: ನೀಲಿ ಬದಿ ಹೊರಗೆ, ಮೂಗೂ ಒಳಗೆ, ಒದ್ದೆಯಾದರೆ ಹೊಸದು.

ಎನ್‌95 ಅನ್ನು ಒಗೆಯಬೇಡಿ. ಅದರ ನಡುಪದರ ಸಣ್ಣ ಕಣಗಳನ್ನು ಹಿಡಿಯುವುದು ಸ್ಥಾಯಿ ವಿದ್ಯುತ್ತಿನಿಂದ. ಸಾಬೂನು ಅದನ್ನು ಕೆಡಿಸುತ್ತದೆ. ಕಾಗದದ ಚೀಲದಲ್ಲಿಟ್ಟು ಮತ್ತೆ ಬಳಸಬಹುದು. ಪಟ್ಟಿ ಸಡಿಲವಾದ ದಿನ, ನೋಡಲು ಹೊಸದರಂತಿದ್ದರೂ, ಎಸೆಯಿರಿ.